ಲೆಕ್ಕದ ಅಂಚೆ: ತಲೆ ಮೇಲಿನ ಸಣ್ಣ ಅಂಕಿ

ಈ ಸಲ ಬಂದ ಪತ್ರಗಳಲ್ಲಿ ಘಾತಾಂಕದ ಬಗ್ಗೆ ಕೇಳಿದವೇ ಜಾಸ್ತಿ. ಶಾಲೆ ಮಕ್ಕಳ ತಾಯಿ ಬರೆದಿದ್ದಾರೆ, ಸಾಲ ಮಾಡಿದವರು ಬರೆದಿದ್ದಾರೆ, ಮನೆಗೆ ಸಂಪು ತೋಡಿಸುವವರೂ ಬರೆದಿದ್ದಾರೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ ಇರಲಿ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಕೇಳಿದ್ದನ್ನು ಬದಲಿಸಿಲ್ಲ.

ಪ್ರಶ್ನೆ: ಮಾಸ್ತರ್ರೇ, ನನ್ನ ಮಗಳು ಎಂಟನೇ ತರಗತಿ. ಘಾತಾಂಕದ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ, ಕೇಳಿದರೆ ಪಟಪಟ ಹೇಳ್ತಾಳೆ. ಲೆಕ್ಕಕ್ಕೆ ಕೂತರೆ ಮಾತ್ರ ಎಲ್ಲಿ ಕೂಡಿಸಬೇಕು, ಎಲ್ಲಿ ಗುಣಿಸಬೇಕು ಅಂತ ಗೊಂದಲ. 2³ × 2⁴ ಕೊಟ್ಟರೆ ಒಂದು ಸಲ 2¹² ಅಂತಾಳೆ, ಇನ್ನೊಂದು ಸಲ 4⁷ ಅಂತಾಳೆ. ನಾನು ಪಿಯುಸಿಗೇ ಓದು ಬಿಟ್ಟವಳು. ಹೇಗೆ ಹೇಳಿಕೊಡಲಿ?
(ಒಬ್ಬ ತಾಯಿ, ಸೇಡಂ)

ಉತ್ತರ: ಅಕ್ಕಾರೇ, ಮೊದಲು ಆ ನಿಯಮಗಳ ಪಟ್ಟಿಯನ್ನು ಮುಚ್ಚಿಡಿ. ಮಗಳ ಕೈಗೆ ಪೆನ್ಸಿಲ್ ಕೊಟ್ಟು ಎಲ್ಲವನ್ನೂ ಬಿಡಿಸಿ ಬರೆಯಲು ಹೇಳಿ. 2³ ಅಂದರೆ 2 × 2 × 2. ಮೂರು ಎರಡುಗಳು, ನಡುವೆ ಗುಣಾಕಾರ. 2⁴ ಅಂದರೆ 2 × 2 × 2 × 2. ನಾಲ್ಕು ಎರಡುಗಳು. ಕೆಳಗಿರುವ ದೊಡ್ಡ ಅಂಕಿಗೆ ಆಧಾರ ಅಂತಾರೆ, ತಲೆ ಮೇಲಿನ ಸಣ್ಣದಕ್ಕೆ ಘಾತಾಂಕ ಅಂತಾರೆ. ಆ ಸಣ್ಣ ಅಂಕಿಗೆ ಇರುವ ಕೆಲಸ ಒಂದೇ, ಆಧಾರ ಎಷ್ಟು ಸಲ ಬಂದಿದೆ ಅಂತ ಎಣಿಸಿ ಹೇಳುವುದು.

ಈಗ 2³ × 2⁴ ಪೂರ್ತಿಯಾಗಿ ಒಂದೇ ಸಾಲಿನಲ್ಲಿ ಬರೆಸಿ. 2 × 2 × 2 × 2 × 2 × 2 × 2. ಎಣಿಸಲಿ. ಏಳು. ಹಾಗಾದರೆ 2⁷. ಮೂರಕ್ಕೆ ನಾಲ್ಕು ಯಾಕೆ ಕೂಡಿತು? ಮೂರು ಎರಡುಗಳ ಪಕ್ಕ ಇನ್ನೂ ನಾಲ್ಕು ಎರಡುಗಳು ಬಂದು ನಿಂತವು, ಅಷ್ಟೇ. ಆ ಸಾಲಿನಲ್ಲಿ ಒಂದಾದರೂ 4 ಕಾಣುತ್ತಾ ಅಂತ ಅವಳನ್ನೇ ಕೇಳಿ. ಕಾಣಲ್ಲ. ಮತ್ತೆ ಆಧಾರ 4 ಆಗೋದು ಹೇಗೆ? ಬರೆದಾದ ಮೇಲೆ ತಾಳೆ ನೋಡಲಿ: 8 × 16 = 128, 2⁷ ಕೂಡ 128. ಅವಳು ಮೊದಲು ಹೇಳಿದ್ದ 2¹² ಅಂದರೆ 4096. 4⁷ ಅಂದರೆ 16,384. ಈ ಮೂರು ಉತ್ತರಗಳನ್ನು ಪಕ್ಕಪಕ್ಕ ಬರೆದು ತೋರಿಸಿ, ಎಷ್ಟು ದೂರ ಹೋಗಿದ್ದೆ ಅಂತ ಅವಳಿಗೇ ಗೊತ್ತಾಗುತ್ತದೆ.

ಆದರೆ ಒಂದು ಮಾತು. 2¹² ಅವಳ ತಲೆಗೆ ಸುಮ್ನೆ ಬಂದದ್ದಲ್ಲ. ಅದು ಬೇರೆ ಲೆಕ್ಕದ ಸರಿ ಉತ್ತರ. ಆವರಣದಲ್ಲಿ 2³ ಇಟ್ಟು ಹೊರಗೆ ತಲೆ ಮೇಲೆ 4 ಬರೆದರೆ, ಅಂದರೆ (2³)⁴ ಕೊಟ್ಟರೆ, 2³ ನಾಲ್ಕು ಸಲ ಬರುತ್ತದೆ. ಒಂದೊಂದರಲ್ಲಿ ಮೂರು ಎರಡುಗಳು. ನಾಲ್ಕು ಮೂರಲೆ ಹನ್ನೆರಡು. ಅಲ್ಲಿ ಗುಣಿಸಬೇಕು. ಇವೆರಡನ್ನೂ ಒಂದೇ ದಿನ, ಒಂದರ ಕೆಳಗೊಂದು ಬಿಡಿಸಿ ಬರೆಸಿ. ಬೇರೆ ಬೇರೆ ದಿನ ಕಲಿತರೆ ಪರೀಕ್ಷೆಯಲ್ಲಿ ಎರಡೂ ಕಲಸಿಹೋಗುತ್ತವೆ.

ಭಾಗಾಕಾರವೂ ಹೀಗೇ. 2⁵ ÷ 2² ಅಂದರೆ ಮೇಲೆ ಐದು ಎರಡುಗಳು, ಕೆಳಗೆ ಎರಡು. ಮೇಲಿನ ಎರಡು, ಕೆಳಗಿನ ಎರಡು ಹೊಡೆದುಹೋಗುತ್ತವೆ, ಮೂರು ಉಳಿಯುತ್ತವೆ. ಉತ್ತರ 2³. ಘಾತಾಂಕ ಒಂದೇ ಇದ್ದು ಆಧಾರ ಬೇರೆ ಆಗಿದ್ದರೆ, ಉದಾಹರಣೆಗೆ 3² × 5², ಅದನ್ನು 3 × 3 × 5 × 5 ಅಂತ ಬರೆದು ಒಂದು 3 ಒಂದು 5 ಜೋಡಿ ಮಾಡಿ. 15 × 15, ಅಂದರೆ 15², ಅಂದರೆ 225. ಆಧಾರವೂ ಬೇರೆ, ಘಾತಾಂಕವೂ ಬೇರೆ ಆಗಿದ್ದರೆ (2³ × 5⁴ ಥರ) ಹೀಗೆ ಒಟ್ಟಾಗಿ ಒಂದೇ ಘಾತ ಮಾಡೋಕೆ ಬರಲ್ಲ, ಗುಣಿಸಿಯೇ ನೋಡಬೇಕು.

ಇನ್ನೂ ಒಂದು ಕಡೆ ಮಕ್ಕಳು ತುಂಬಾ ಎಡವುತ್ತಾರೆ, ಪಿಯುಸಿಗೆ ಬಂದ ಮೇಲೂ ಎಡವುತ್ತಾರೆ. ಅದು ಕೂಡುವ ಲೆಕ್ಕ. 2³ + 2⁴ ಕೊಟ್ಟರೆ ಘಾತಾಂಕಗಳನ್ನು ಕೂಡಿ 2⁷ ಅಂತ ಬರೆದುಬಿಡುತ್ತಾರೆ. 8 + 16 = 24. ಅದು 2ರ ಯಾವ ಘಾತವೂ ಅಲ್ಲ. ನಾವು ಎಣಿಸುತ್ತಿರುವುದು ಗುಣಾಕಾರದಲ್ಲಿ ನಿಂತ ಎರಡುಗಳನ್ನು. ನಡುವೆ ಕೂಡಿಸುವ ಚಿಹ್ನೆ ಬಂದರೆ ಆ ಸಾಲೇ ತುಂಡಾಯಿತು, ಮುಂದೆ ಎಣಿಸೋಕೆ ಆಗಲ್ಲ. (3 + 4)² ಕೂಡ ಇದೇ ಜಾತಿ. ಅದು 7², ಅಂದರೆ 49. ಬಿಡಿಬಿಡಿಯಾಗಿ 9 + 16 ಮಾಡಿದರೆ 25 ಬರುತ್ತದೆ, ತಪ್ಪು.

ಪರೀಕ್ಷೆಯಲ್ಲಿ ಅನುಮಾನ ಬಂದರೆ ನಿಯಮ ನೆನಪಿಸಿಕೊಳ್ಳುತ್ತಾ ಕೂರಬೇಡ ಅಂತ ಹೇಳಿ. ಹಾಳೆಯ ಮೂಲೆಯಲ್ಲಿ 2, 3ರಂಥ ಸಣ್ಣ ಅಂಕಿ ಹಾಕಿ ಬಿಡಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ನಿಯಮ ತಾನೇ ಸಿಗುತ್ತದೆ. ನೀವು ಪಿಯುಸಿಗೆ ಬಿಟ್ಟಿದ್ದೀರಿ ಅಂತ ಹಿಂಜರಿಯಬೇಡಿ. ಎಣಿಸೋಕೆ ಬಂದರೆ ಇದನ್ನು ಹೇಳಿಕೊಡೋಕೂ ಬರುತ್ತದೆ.

ಪ್ರಶ್ನೆ: ಯಾವುದೇ ಸಂಖ್ಯೆಯ ಘಾತಾಂಕ 0 ಆದರೆ ಬೆಲೆ 1 ಅಂತ ಪಾಠ ಮಾಡ್ತೇನೆ. "ಮಿಸ್, ಸೊನ್ನೆ ಸಲ ಗುಣಿಸಿದರೆ ಸೊನ್ನೆ ತಾನೇ ಬರಬೇಕು?" ಅಂತ ಮಕ್ಕಳು ಕೇಳ್ತಾರೆ. ಪುಸ್ತಕದಲ್ಲಿ ಹಾಗಿದೆ ಅಂತ ಹೇಳಿ ಮುಂದೆ ಹೋಗೋಕೆ ನನಗೆ ಮನಸ್ಸು ಬರಲ್ಲ. ಋಣ ಘಾತಾಂಕಕ್ಕೂ ಇದೇ ಕಷ್ಟ.
(ಶಿಕ್ಷಕಿ, ಯಾದಗಿರಿ ಹತ್ತಿರದ ಹಳ್ಳಿ)

ಉತ್ತರ: ಹಾಗೆ ಕೇಳುವ ಮಕ್ಕಳು ನಿಮ್ಮ ತರಗತಿಯಲ್ಲಿ ಇದ್ದಾರೆ ಅನ್ನೋದೇ ದೊಡ್ಡ ಸಂತೋಷ. ಅವರ ಪ್ರಶ್ನೆ ನ್ಯಾಯವಾದದ್ದು, ಯಾಕೆಂದರೆ ಎಣಿಸುವ ಅರ್ಥ ಇಲ್ಲಿಗೆ ಮುಗಿಯುತ್ತದೆ. ಸೊನ್ನೆ ಐದುಗಳನ್ನು ಗುಣಿಸಿ ಬರೆ ಅಂದರೆ ಹಾಳೆ ಮೇಲೆ ಬರೆಯೋಕೆ ಏನೂ ಇಲ್ಲ. ಇದನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳಿ. ಆಮೇಲೆ ಬೋರ್ಡ್ ಮೇಲೆ ಮೇಲಿನಿಂದ ಕೆಳಕ್ಕೆ ಬರೆಯಿರಿ: 5³ = 125, 5² = 25, 5¹ = 5. ಒಂದೊಂದು ಮೆಟ್ಟಿಲು ಇಳಿದಾಗ ಏನಾಗುತ್ತಿದೆ ಅಂತ ಕೇಳಿ. ಐದರಿಂದ ಭಾಗ ಆಗುತ್ತಿದೆ. ಮುಂದಿನ ಮೆಟ್ಟಿಲು ಯಾವುದು? 5⁰. ಐದನ್ನು ಐದರಿಂದ ಭಾಗಿಸಿದರೆ 1. ಅಲ್ಲಿಗೇ ನಿಲ್ಲಬೇಡಿ. ಇನ್ನೊಂದು ಮೆಟ್ಟಿಲು ಇಳಿದರೆ 5⁻¹, ಅದು ಐದನೇ ಒಂದು. ಇನ್ನೊಂದು ಇಳಿದರೆ 5⁻², ಅದು 1/25. ಶೂನ್ಯ ಘಾತಾಂಕ, ಋಣ ಘಾತಾಂಕ ಎರಡೂ ಒಂದೇ ಉಸಿರಿಗೆ ಮುಗಿದವು.

ದೊಡ್ಡ ಮಕ್ಕಳಿಗೆ ಇನ್ನೊಂದು ದಾರಿ ತೋರಿಸಿ. ಗುಣಿಸುವಾಗ ಘಾತಾಂಕ ಕೂಡುತ್ತದೆ ಅನ್ನುವ ನಿಯಮ ಮುರಿಯಬಾರದು ಅಂತ ನಾವು ಹಟ ಹಿಡಿದಿದ್ದೇವೆ ಅಂದುಕೊಳ್ಳಿ. ಆಗ 5³ × 5⁰ ಎಷ್ಟಾಗಬೇಕು? 3 + 0 = 3, ಹಾಗಾಗಿ 5³ ಆಗಬೇಕು. 125 ಅನ್ನು ಯಾವುದರಿಂದ ಗುಣಿಸಿದರೆ 125 ಆಗಿಯೇ ಉಳಿಯುತ್ತದೆ? 1 ಒಂದರಿಂದಲೇ. 5⁰ ಸೊನ್ನೆ ಆಗಿದ್ದರೆ 125 ಹೋಗಿ ಸೊನ್ನೆ ಆಗುತ್ತಿತ್ತು, ನಿಯಮ ಮುರಿಯುತ್ತಿತ್ತು. ಎಣಿಕೆ ನಿಂತ ಜಾಗದಲ್ಲಿ ಗಣಿತ ಯಾವಾಗಲೂ ಹೀಗೇ ಮುಂದೆ ಹೋಗುತ್ತದೆ. ಹಳೆ ನಿಯಮ ಉಳಿಯಬೇಕಾದರೆ ಹೊಸದಕ್ಕೆ ಯಾವ ಬೆಲೆ ಕೊಡಬೇಕು ಅಂತ ಕೇಳಿ, ಅದನ್ನೇ ಕೊಡುತ್ತದೆ. ಯಾರೋ ಮೇಲೆ ಕೂತು ಸುಮ್ನೆ "1 ಅಂತ ಇರಲಿ" ಅಂದದ್ದಲ್ಲ. ಇದು ಮಕ್ಕಳಿಗೆ ಗೊತ್ತಾಗಲೇಬೇಕು ಅಂತ ನನ್ನ ಆಸೆ.

5⁻² ಅಂದರೆ −25 ಅಲ್ಲ ಅನ್ನೋದನ್ನು ಮಾತ್ರ ನಾಲ್ಕು ಸಲ ಹೇಳಿ. ತಲೆ ಮೇಲಿನ ಋಣ ಚಿಹ್ನೆ ಸಂಖ್ಯೆಯನ್ನು ಋಣ ಮಾಡಲ್ಲ, ಅದನ್ನು ಒಂದರ ಕೆಳಗೆ ಕಳಿಸುತ್ತದೆ. 10⁻³ ಅಂದರೆ ಸಾವಿರದಲ್ಲಿ ಒಂದು. ಒಂದು ಗ್ರಾಂ ಅಂದರೆ 10⁻³ ಕಿಲೋ, ಒಂದು ಮಿಲಿಗ್ರಾಂ ಅಂದರೆ 10⁻⁶ ಕಿಲೋ. ತೂಕ ಕಡಿಮೆ, ಆದರೆ ಇಲ್ಲ ಅಂತಲ್ಲ. ಇನ್ನು ಆಧಾರವೇ 0 ಆದರೆ ಈ ಮೆಟ್ಟಿಲು ನಡೆಯಲ್ಲ, ಯಾಕೆಂದರೆ ಇಳಿಯುವಾಗ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅದಕ್ಕೇ ಶಾಲೆ ಪುಸ್ತಕದಲ್ಲಿ "ಆಧಾರ ಸೊನ್ನೆ ಆಗಿರಬಾರದು" ಅಂತ ಸೇರಿಸುತ್ತಾರೆ.

ಪ್ರಶ್ನೆ: ಸರ್, ಮನೆ ಕೆಲಸಕ್ಕೆ ಅಂತ 50,000 ರೂಪಾಯಿ ಸಾಲ ತಗೊಂಡಿದ್ದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮಳೆ ಕೈಕೊಟ್ಟಿತು, ತೊಗರಿ ಬರಲಿಲ್ಲ, ಮೂರು ವರ್ಷ ಒಂದು ರೂಪಾಯಿನೂ ಕಟ್ಟೋಕೆ ಆಗಲಿಲ್ಲ. ತಿಂಗಳಿಗೆ 1,500ರ ಹಾಗೆ ಮೂರು ವರ್ಷಕ್ಕೆ 54,000 ಬಡ್ಡಿ, ಅಸಲು ಸೇರಿ 1,04,000 ಅಂತ ನನ್ನ ಲೆಕ್ಕ. ಕೊಟ್ಟವರು 1,44,914 ಅಂತಾರೆ. 40 ಸಾವಿರ ಎಲ್ಲಿಂದ ಬಂತು?
(ಒಬ್ಬ ರೈತ, ಜೇವರ್ಗಿ ತಾಲೂಕು)

ಉತ್ತರ: ಅಣ್ಣಾ, ನೀವು ಹಾಕಿದ್ದು ಸರಳ ಬಡ್ಡಿ. ಅವರು ಹಾಕಿದ್ದು ಚಕ್ರಬಡ್ಡಿ, ಅಂದರೆ ಬಡ್ಡಿಗೂ ಬಡ್ಡಿ. ಎರಡೂ ಲೆಕ್ಕ ತಮ್ಮ ತಮ್ಮ ದಾರಿಯಲ್ಲಿ ಸರಿಯಾಗಿವೆ. ಮೊದಲು ಅದು ಹೇಗೆ ಬೆಳೆಯಿತು ನೋಡೋಣ.

ಮೊದಲ ತಿಂಗಳು 50,000ಕ್ಕೆ 1,500 ಬಡ್ಡಿ. ನೀವು ಕಟ್ಟಲಿಲ್ಲ, ಅವರು ಅದನ್ನು ಅಸಲಿಗೆ ಸೇರಿಸಿದರು. ಈಗ ಸಾಲ 51,500. ಎರಡನೇ ತಿಂಗಳ ಬಡ್ಡಿ 51,500ರ ಮೇಲೆ, ಅಂದರೆ 1,545. ಸಾಲ 53,045. ಪ್ರತಿ ತಿಂಗಳೂ ಆಗುತ್ತಿರುವುದು ಒಂದೇ ಕೆಲಸ: ಇದ್ದ ಮೊತ್ತವನ್ನು 1.03ರಿಂದ ಗುಣಿಸುವುದು. ಹನ್ನೆರಡು ತಿಂಗಳಿಗೆ ಹನ್ನೆರಡು ಸಲ. ಅದನ್ನೇ 1.03¹² ಅಂತ ಬರೆಯುತ್ತಾರೆ, ಅದರ ಬೆಲೆ ಸುಮಾರು 1.4258. ಅಂದರೆ ಬಾಯಿಮಾತಿನಲ್ಲಿ "ಮೂರು ರೂಪಾಯಿ" ಅಂದ ಬಡ್ಡಿ ವರ್ಷಕ್ಕೆ ನೂರಕ್ಕೆ 36 ಅಲ್ಲ, 42ಕ್ಕಿಂತ ಜಾಸ್ತಿ.

ಮೂರು ವರ್ಷಕ್ಕೆ 36 ತಿಂಗಳು, 1.03³⁶. ಇದನ್ನು 36 ಸಲ ಗುಣಿಸಬೇಕಾಗಿಲ್ಲ. ಮೇಲೆ ಸೇಡಂನ ತಾಯಿಗೆ ಹೇಳಿದ ನಿಯಮವೇ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ವರ್ಷದ 1.4258 ಅನ್ನು ಮೂರು ಸಲ ಗುಣಿಸಿದರೆ ಸಾಕು, ಯಾಕೆಂದರೆ 12 × 3 = 36. ಸುಮಾರು 2.898 ಬರುತ್ತದೆ. ದಶಮಾಂಶಗಳನ್ನು ಪೂರ್ತಿ ಇಟ್ಟುಕೊಂಡು 50,000ದಿಂದ ಗುಣಿಸಿದರೆ ಅವರು ಹೇಳಿದ 1,44,914 ಸಿಗುತ್ತದೆ.

ವರ್ಷ ವರ್ಷಕ್ಕೆ ಬಿಡಿಸಿ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮೊದಲ ವರ್ಷದ ಬಡ್ಡಿ 21,288. ಎರಡನೇ ವರ್ಷ 30,352. ಮೂರನೇ ವರ್ಷ 43,274. ಸರಳ ಬಡ್ಡಿಯಲ್ಲಿ ಮೂರೂ ವರ್ಷ 18,000 ಮಾತ್ರ. ಮೊದಲ ವರ್ಷ ಎರಡರ ವ್ಯತ್ಯಾಸ ಮೂರು ಸಾವಿರದ ಚಿಲ್ಲರೆ, ಅದಕ್ಕೇ ಯಾರಿಗೂ ಕಣ್ಣಿಗೆ ಬೀಳಲ್ಲ. ಘಾತಾಂಕ ದೊಡ್ಡದಾದ ಹಾಗೆ ಅದು ಮೈ ಬಿಚ್ಚುತ್ತದೆ. ಈ ದರದಲ್ಲಿ ಸಾಲ ಎರಡು ಪಟ್ಟಾಗಲು 24 ತಿಂಗಳು ಸಾಕು. ಇನ್ನೆರಡು ವರ್ಷ ಬಿಟ್ಟರೆ ಎರಡರ ಎರಡು ಪಟ್ಟು, ಅಂದರೆ ಮೂಲ ಸಾಲದ ನಾಲ್ಕು ಪಟ್ಟು, 2 ಲಕ್ಷ ದಾಟುತ್ತದೆ. ಎಷ್ಟು ತಿಂಗಳಿಗೆ ದುಪ್ಪಟ್ಟು ಅಂತ ಅಂದಾಜು ಬೇಕಾದರೆ 72 ಅನ್ನು ಬಡ್ಡಿ ದರದಿಂದ ಭಾಗಿಸಿ. 72 ÷ 3 = 24 ತಿಂಗಳು. ಎರಡು ರೂಪಾಯಿ ಬಡ್ಡಿ ಆದರೆ 36 ತಿಂಗಳು. ಪಕ್ಕಾ ಲೆಕ್ಕವಲ್ಲ, ಆದರೆ ಜಗುಲಿ ಮೇಲೆ ಕೂತು ಬಾಯಲ್ಲೇ ಹಾಕೋಕೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇನ್ನು ಅಸಲಿ ಪ್ರಶ್ನೆ. ಬಡ್ಡಿಗೆ ಬಡ್ಡಿ ಸೇರಿಸುತ್ತೇನೆ ಅಂತ ಅವರು ಮೊದಲೇ ಹೇಳಿದ್ದರಾ? ಕಾಗದದಲ್ಲಿ ಇದೆಯಾ? "ಮೂರು ರೂಪಾಯಿ ಬಡ್ಡಿ" ಅಂತ ಮಾತ್ರ ಮಾತಾಗಿದ್ದರೆ ಈ 40,914 ರೂಪಾಯಿ ಬಗ್ಗೆ ನೀವು ಗಟ್ಟಿಯಾಗಿ ಕೇಳಬೇಕು. ಅತಿಯಾದ ಬಡ್ಡಿ ವಸೂಲಿ ತಡೆಯೋಕೆ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯೇ ಇದೆ. ಇರುವ ಕಾಗದ ತಗೊಂಡು ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ ಸಲಹೆ ಕೇಳಿ, ಒಬ್ಬರೇ ಹೆದರಿಕೊಂಡು ಕೂರಬೇಡಿ. ಬೇರೆ ಓದುಗರಿಗೂ ಹೇಳುತ್ತೇನೆ: ಸಾಲ ತಗೊಳ್ಳುವಾಗ ದರ ಎಷ್ಟು ಅಂತ ಕೇಳಿದರೆ ಸಾಲದು, ಕಟ್ಟದೆ ಬಿಟ್ಟ ಬಡ್ಡಿ ಅಸಲಿಗೆ ಸೇರುತ್ತದಾ, ಎಷ್ಟು ತಿಂಗಳಿಗೊಮ್ಮೆ ಸೇರುತ್ತದೆ ಅಂತ ಕೇಳಿ ಬರೆಸಿಕೊಳ್ಳಿ. ತಿಂಗಳ ಬಡ್ಡಿಯನ್ನು ತಿಂಗಳಿಗೇ ಕಟ್ಟಿಬಿಟ್ಟರೆ ಅಸಲು ಇದ್ದಲ್ಲೇ ಇರುತ್ತದೆ, ಈ ಗುಣಾಕಾರ ಶುರುವೇ ಆಗಲ್ಲ.

ಪ್ರಶ್ನೆ: ನಮ್ಮ ಮನೆ ಸಂಪು ಉದ್ದ, ಅಗಲ, ಆಳ ಆರಾರು ಅಡಿ ಇದೆ. ಬೇಸಿಗೆಯಲ್ಲಿ ಸಾಲಲ್ಲ. ಎರಡು ಪಟ್ಟು ನೀರು ಹಿಡಿಯುವ ಹೊಸದು ಮಾಡಿಸಬೇಕು ಅಂದರೆ ಗೌಂಡಿ ಎಲ್ಲಾ ಕಡೆ ಹನ್ನೆರಡು ಅಡಿ ಮಾಡೋಣ ಅಂತಾನೆ. ಸರಿನಾ?
(ಕಲಬುರಗಿ)

ಉತ್ತರ: ಬೇಡ, ನಿಲ್ಲಿಸಿ! ಈಗಿನದು 6³, ಅಂದರೆ 216 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್, ಹಾಗಾಗಿ ಸುಮಾರು 6,100 ಲೀಟರ್ ಹಿಡಿಯುತ್ತದೆ. ಹನ್ನೆರಡು ಅಡಿ ಮಾಡಿದರೆ 12³ = 1728 ಘನ ಅಡಿ. ಎರಡು ಪಟ್ಟಲ್ಲ, ಎಂಟು ಪಟ್ಟು, ಹತ್ತಿರ ಹತ್ತಿರ 49,000 ಲೀಟರ್. ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ಆಳ ಎರಡು ಪಟ್ಟು, ಮೂರೂ ಸೇರಿ 2³. ಸೈಟಿಗೂ ಇದೇ ಮಾತು, ಅಲ್ಲಿ ಎರಡೇ ಅಳತೆ ಇರುವುದರಿಂದ 2². 30×40 ಸೈಟಿನ ಎರಡೂ ಕಡೆ ಎರಡು ಪಟ್ಟು ಮಾಡಿದರೆ 60×80, ಅದು 1,200ರ ಬದಲು 4,800 ಚದರ ಅಡಿ, ನಾಲ್ಕು ಸೈಟು.

ನಿಮಗೆ ಬೇಕಾದದ್ದು 432 ಘನ ಅಡಿ. ಅದಕ್ಕೆ ಸುಲಭ ದಾರಿ, ಉದ್ದ 9, ಅಗಲ 8, ಆಳ 6 ಅಡಿ. ಗುಣಿಸಿ ನೋಡಿ, ಸರಿಯಾಗಿ 432. ಎಲ್ಲಾ ಕಡೆ ಒಂದೇ ಅಳತೆ ಬೇಕು ಅಂದರೆ ಆರನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು, ಆ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ 2 ಬರಬೇಕು. ಅದು 2ರ ಘನಮೂಲ, ಸುಮಾರು 1.26. ಆರು ಅಡಿಗೆ 7.56 ಅಡಿ, ಏಳು ಅಡಿ ಏಳು ಇಂಚು ಅಂತ ಗೌಂಡಿಗೆ ಹೇಳಿದರೆ ಸಾಕು. ಒಂದೂವರೆ ಅಡಿ ಚಿಲ್ಲರೆ ಜಾಸ್ತಿ ಮಾಡಿದರೆ ನೀರು ದುಪ್ಪಟ್ಟು. ಆರು ಅಡಿ ಜಾಸ್ತಿ ತೋಡುವ ಖರ್ಚೆಲ್ಲಿ, ಇದೆಲ್ಲಿ!

ಮಕ್ಕಳು ಓದುತ್ತಿದ್ದರೆ ಅವರಿಗಾಗಿ ಇನ್ನೆರಡು ಮಾತು. ಘನಮೂಲವನ್ನು ಘಾತಾಂಕವಾಗಿಯೂ ಬರೆಯಬಹುದು, 2ರ ತಲೆ ಮೇಲೆ ⅓ ಇಟ್ಟು. ಮೂರನೇ ಒಂದು ಸಲ ಗುಣಿಸುವುದು ಅಂದರೆ ಏನು ಅಂತ ಕೇಳಬೇಡಿ, ಎಣಿಕೆ ಇಲ್ಲೂ ನಿಂತುಹೋಗಿದೆ. ನಿಯಮವನ್ನು ಕೇಳಿ. ⅓ + ⅓ + ⅓ = 1, ಹಾಗಾದರೆ ಅಂಥ ಮೂರನ್ನು ಗುಣಿಸಿದರೆ 2¹, ಅಂದರೆ 2 ಬರಬೇಕು. ಹಾಗೆ ಬರುವುದು ಘನಮೂಲ ಒಂದೇ. ತಲೆ ಮೇಲೆ ½ ಇದ್ದರೆ ವರ್ಗಮೂಲ: 9ರ ತಲೆ ಮೇಲೆ ½ ಇಟ್ಟರೆ 3.

ಪ್ರಶ್ನೆ: 64 ಜಿಬಿ ಪೆನ್‌ಡ್ರೈವ್ ತಗೊಂಡೆ. ಕಂಪ್ಯೂಟರಿಗೆ ಹಾಕಿದರೆ 59 ಚಿಲ್ಲರೆ ಜಿಬಿ ಅಂತ ತೋರಿಸುತ್ತೆ. ಅಂಗಡಿಯವರು ಮೋಸ ಮಾಡಿದ್ರಾ?
(ಡಿಪ್ಲೊಮಾ ವಿದ್ಯಾರ್ಥಿ, ಭಾಲ್ಕಿ)

ಉತ್ತರ: ಇಲ್ಲ, ಅಂಗಡಿಯವರ ಜೊತೆ ಜಗಳ ಬೇಡ. ತಯಾರಿಸುವವರು ಒಂದು ಜಿಬಿ ಅಂದರೆ 10⁹ ಬೈಟ್ ಅಂತ, ಅಂದರೆ 100 ಕೋಟಿ ಅಂತ ಎಣಿಸುತ್ತಾರೆ. ವಿಂಡೋಸ್ ಇರುವ ಕಂಪ್ಯೂಟರ್ 2³⁰ ಅಂತ ಎಣಿಸುತ್ತದೆ. 2¹⁰ ಅಂದರೆ 1024, ಸಾವಿರಕ್ಕೆ ತುಂಬಾ ಹತ್ತಿರ. ಹತ್ತಿರ ಇದೆ ಅಂತ ಎರಡಕ್ಕೂ ಒಂದೇ ಹೆಸರು ಬಳಕೆಗೆ ಬಂತು. ಆದರೆ 1024ನ್ನು ಮೂರು ಸಲ ಗುಣಿಸಿದಾಗ ಆ ಸಣ್ಣ ವ್ಯತ್ಯಾಸವೂ ಬೆಳೆದು 107 ಕೋಟಿ 37 ಲಕ್ಷ 41 ಸಾವಿರದ 824 ಆಗುತ್ತದೆ. ನಿಮ್ಮ ಡ್ರೈವ್‌ನಲ್ಲಿ 6,400 ಕೋಟಿ ಬೈಟ್ ಇದೆ. ಅದನ್ನು ಈ ಸಂಖ್ಯೆಯಿಂದ ಭಾಗಿಸಿ, 59.6 ಬರುತ್ತದೆ. ಜಾಗ ಎಲ್ಲೂ ಹೋಗಿಲ್ಲ.

ಪ್ರಶ್ನೆ: ನಮ್ಮ ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ ದೊಡ್ಡ ಗಣಿತಜ್ಞ ಇದ್ದ ಅಂತ ಕೇಳಿದ್ದೇನೆ. ಅವನಿಗೆ ಘಾತಾಂಕ ಗೊತ್ತಿತ್ತಾ?
(ಚಿತ್ತಾಪುರ)

ಉತ್ತರ: ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಅವನ ಹೆಸರು ಮಹಾವೀರಾಚಾರ್ಯ. ಸುಮಾರು 850ರ ಹೊತ್ತಿಗೆ 'ಗಣಿತಸಾರಸಂಗ್ರಹ' ಅನ್ನುವ ಪುಸ್ತಕವನ್ನು ಸಂಸ್ಕೃತದಲ್ಲಿ ಬರೆದ. ಪುಸ್ತಕದ ಶುರುವಿನಲ್ಲಿ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಆ ಅರಸನ ರಾಜಧಾನಿ ಮಾನ್ಯಖೇಟವೇ ಈಗಿನ ಮಳಖೇಡ, ಸೇಡಂ ತಾಲೂಕಿನಲ್ಲಿ, ಕಾಗಿಣಾ ದಂಡೆ ಮೇಲೆ. ನಮ್ಮ ಮಕ್ಕಳು ಬಸ್ಸಿನಲ್ಲಿ ಆ ಕೋಟೆ ನೋಡುತ್ತಾ ಹೋಗುತ್ತಾರೆ, ಈ ಹೆಸರು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ತಲೆ ಮೇಲೆ ಸಣ್ಣ ಅಂಕಿ ಬರೆಯುವ ಪದ್ಧತಿ ಅವನ ಕಾಲದಲ್ಲಿ ಇರಲಿಲ್ಲ. ಅದು ಈಗಿನ ರೂಪಕ್ಕೆ ಬಂದದ್ದು 1637ರಲ್ಲಿ, ಫ್ರೆಂಚ್ ಗಣಿತಜ್ಞ ಡೆಕಾರ್ಟ್ ಬರೆದ ಪುಸ್ತಕದಿಂದ. ಋಣ ಮತ್ತು ಭಿನ್ನ ಘಾತಾಂಕಗಳನ್ನು ನ್ಯೂಟನ್ 1676ರ ತನ್ನ ಪತ್ರಗಳಲ್ಲಿ ಬಳಸಿದ. ಆದರೆ ಚಿಹ್ನೆ ಬೇರೆ, ವಿಚಾರ ಬೇರೆ. ಮಹಾವೀರ ಹೇಳುವ ಎಂಟು ಪರಿಕರ್ಮಗಳಲ್ಲಿ, ಅಂದರೆ ಲೆಕ್ಕದ ಮೂಲ ಕ್ರಿಯೆಗಳಲ್ಲಿ, ನಾಲ್ಕು ನಮ್ಮ ಇವತ್ತಿನ ಪುಟದ ವಿಷಯವೇ: ವರ್ಗ, ವರ್ಗಮೂಲ, ಘನ, ಘನಮೂಲ. ಹತ್ತರ ಘಾತಗಳಿಗೆ ಅವನು ಒಂದೊಂದು ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರದಿಂದ ಶುರುವಾಗಿ ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖ ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳು. ಮಹಾಕ್ಷೋಭ ಅಂದರೆ 10²³, ಒಂದರ ಮುಂದೆ 23 ಸೊನ್ನೆ. ಅಷ್ಟು ದೊಡ್ಡ ಸಂಖ್ಯೆ ಯಾವ ಕೆಲಸಕ್ಕೆ ಅಂತ ಅನ್ನಿಸಬಹುದು. ಹದಿನೆಂಟು ಗ್ರಾಂ ನೀರಿನಲ್ಲಿ, ಅಂದರೆ ಸುಮಾರು ಒಂದು ಗುಟುಕಿನಲ್ಲಿ, 6.02 × 10²³ ಅಣುಗಳು ಇರುತ್ತವೆ. ಮಹಾವೀರನ ಮಾತಿನಲ್ಲಿ ಹೇಳುವುದಾದರೆ ಆರು ಮಹಾಕ್ಷೋಭ. ಪಿಯುಸಿ ಕೆಮಿಸ್ಟ್ರಿ ಓದುವ ಮಕ್ಕಳೇ, ನಿಮ್ಮ ಅವೊಗಾಡ್ರೊ ಸಂಖ್ಯೆ ಹಿಡಿಸುವಷ್ಟು ದೊಡ್ಡ ಹೆಸರು ಮಳಖೇಡದ ಅರಸರ ಕಾಲದಲ್ಲೇ ಇತ್ತು.

ಇನ್ನೊಂದು ಮುಖ್ಯ ಮಾತನ್ನೂ ಅವನು ಹೇಳಿದ್ದಾನೆ: ಋಣ ಸಂಖ್ಯೆಗೆ ವರ್ಗಮೂಲ ಇಲ್ಲ. ಧನವನ್ನು ಧನದಿಂದ ಗುಣಿಸಿದರೂ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ, ಹಾಗಾಗಿ ಯಾವುದರ ವರ್ಗವೂ ಋಣ ಆಗಲ್ಲ. ನಾವು ಬಳಸುವ ಮಾಮೂಲಿ ಸಂಖ್ಯೆಗಳಲ್ಲಿ ಇದು ಇವತ್ತಿಗೂ ನಿಜ. ಒಂದು ಕಡೆ ಅವನು ತಪ್ಪಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂದ. ಅದು ಸರಿಯಲ್ಲ, ಸೊನ್ನೆಯಿಂದ ಭಾಗಿಸೋಕೇ ಬರಲ್ಲ. ಎರಡನ್ನೂ ಮಕ್ಕಳಿಗೆ ಹೇಳಿ. ಅವನ ಮೇಲಿನ ಗೌರವ ಇದರಿಂದ ಕಡಿಮೆ ಆಗಲ್ಲ.

ಪ್ರಶ್ನೆ: ಎಕ್ಸೆಲ್‌ನಲ್ಲಿ −2 ಬರೆದು ಅದರ ವರ್ಗ ಕೇಳಿದರೆ 4 ಬರುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಹಾಗೇ ಒತ್ತಿದರೆ −4. ಯಾವುದನ್ನು ನಂಬಲಿ?
(ಬಸವಕಲ್ಯಾಣ)

ಉತ್ತರ: ಗಣಿತದ ರೂಢಿಯಲ್ಲಿ ಘಾತಾಂಕ ತನಗೆ ಅಂಟಿಕೊಂಡ ಅಂಕಿಗೆ ಮಾತ್ರ ಸೇರಿದ್ದು. −2² ಅಂದರೆ ಮೊದಲು 2² ಮಾಡಿ, ಆಮೇಲೆ ಋಣ ಚಿಹ್ನೆ, ಉತ್ತರ −4. ಋಣವೂ ಸೇರಬೇಕಾದರೆ (−2)² ಅಂತ ಆವರಣ ಹಾಕಬೇಕು, ಆಗ 4. ಎಕ್ಸೆಲ್ ಮಾತ್ರ ಋಣ ಚಿಹ್ನೆಯನ್ನು ಮೊದಲು ಹಚ್ಚಿಕೊಳ್ಳುತ್ತದೆ. ಪರೀಕ್ಷೆಗೆ ಗಣಿತದ ರೂಢಿ ಹಿಡಿಯಿರಿ, ಎಕ್ಸೆಲ್‌ನಲ್ಲಿ ಯಾವಾಗಲೂ ಆವರಣ ಹಾಕಿ.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೇನೆ. 2¹⁰⁰ ದೊಡ್ಡದಾ, 3⁶⁰ ದೊಡ್ಡದಾ ಅಂತ ಒಂದು ಲೆಕ್ಕ. 7⁹⁸ರ ಕೊನೆಯ ಅಂಕಿ ಯಾವುದು ಅಂತ ಇನ್ನೊಂದು. ಕ್ಯಾಲ್ಕುಲೇಟರ್ ಇಲ್ಲದೆ ಹೇಗೆ?
(ಸುರಪುರ)

ಉತ್ತರ: ತಮ್ಮಾ, ಮೊದಲನೆಯದಕ್ಕೆ ಎರಡೂ ಘಾತಾಂಕಗಳಲ್ಲಿ ಸಾಮಾನ್ಯವಾದದ್ದನ್ನು ಹುಡುಕು. 100 ಮತ್ತು 60, ಎರಡರಲ್ಲೂ 20 ಇದೆ. 2¹⁰⁰ ಅನ್ನು (2⁵)²⁰ ಅಂತ ಬರೆ, ಅದು 32²⁰. 3⁶⁰ ಅನ್ನು (3³)²⁰ ಅಂತ ಬರೆ, ಅದು 27²⁰. ಈಗ ತಲೆ ಮೇಲಿನ ಅಂಕಿ ಎರಡಕ್ಕೂ ಒಂದೇ, ಆಧಾರ ನೋಡಿದರೆ ಸಾಕು. 32 ದೊಡ್ಡದು, ಹಾಗಾಗಿ 2¹⁰⁰ ದೊಡ್ಡದು. 3 ದೊಡ್ಡ ಆಧಾರ ಅಂತ ಕಣ್ಣಿಗೆ ಕಂಡದ್ದನ್ನೇ ಟಿಕ್ ಮಾಡಿ ಬಂದವರು ಎಷ್ಟೋ ಜನ.

ಎರಡನೆಯದಕ್ಕೆ ಏಳರ ಘಾತಗಳ ಕೊನೆ ಅಂಕಿ ಮಾತ್ರ ಬರೆಯುತ್ತಾ ಹೋಗು. 7, 49ರ 9, 343ರ 3, 2401ರ 1. ಕೊನೆಗೆ 1 ಬಂತು ಅಂದ ಮೇಲೆ ಮುಂದಿನದು ಮತ್ತೆ 7. ನಾಲ್ಕು ನಾಲ್ಕಕ್ಕೆ ಸುತ್ತು ತಿರುಗುತ್ತದೆ. 98ನ್ನು 4ರಿಂದ ಭಾಗಿಸಿದರೆ 2 ಉಳಿಯುತ್ತದೆ, ಹಾಗಾಗಿ ಎರಡನೇ ಅಂಕಿ, 9. ಉಳಿಕೆ 0 ಬಂದರೆ ಸುತ್ತಿನ ಕೊನೆಯ ಅಂಕಿ ತಗೋಬೇಕು, ಅಲ್ಲಿ ಜೋಪಾನ. 3ಕ್ಕೂ 8ಕ್ಕೂ ನಾಲ್ಕರ ಸುತ್ತೇ, 4ಕ್ಕೂ 9ಕ್ಕೂ ಎರಡರ ಸುತ್ತು, 5 ಮತ್ತು 6ಕ್ಕೆ ಸುತ್ತೇ ಇಲ್ಲ, ಯಾವಾಗಲೂ ಅದೇ ಅಂಕಿ.

ಇಂಥದ್ದೇ ಇನ್ನೊಂದು ಮಾಡಿ ನೋಡು: 2⁷⁵, 3⁵⁰, 5²⁵ ಇವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಬೇಕು. ಮೂರರಲ್ಲೂ 25 ಸಾಮಾನ್ಯ.